ಪದವಿಯ ಕೊನೆಯ ವರ್ಷದ ಸಂಶೋಧನೆಯೂ ನಮ್ಮ ಹೆಣ್ಣುಮಕ್ಕಳ ಬೆಳವಣಿಗೆಯೂ

ನಮ್ಮ ಶಾಲೆಯಲ್ಲಿ ಕಲಿತು ತೇರ್ಗಡೆ ಹೊಂದಿದ ಬಾಲಿಕೆಯರಲ್ಲಿ ಅನೇಕರು ಈಗ ಚಿಂತಾಮಣಿ, ಚಿಕ್ಕಬಳ್ಳಾಪುರ, ಬೆಂಗಳೂರು ಮುಂತಾದ ಸ್ಥಳಗಳ ಕಾಲೇಜುಗಳಲ್ಲಿ ವ್ಯಾಸಂಗಮಾಡುತ್ತಿರುವುದು ನಮಗೆಲ್ಲರಿಗೂ ಸಂತೋಷದ ಸಂಗತಿ. ಆದರೆ ಪದವಿಯ ಕೊನೆಯ ವರ್ಷವು ಬಂದೊಡನೆ ಕೆಲವು ಮನೆಗಳಲ್ಲಿ ಒಂದು ಬಗೆಯ ಕಳವಳವು ತಲೆದೋರುವುದುಂಟು. ಮಗಳು ಪುಸ್ತಕವನ್ನು ಬದಿಗಿಟ್ಟು ಹುಳುಮನೆಯಲ್ಲಿ ತಕ್ಕಡಿ ಹಿಡಿದು ಕುಳಿತಿರುವಳು. ಇಲ್ಲವೆ ಊರೂರು ಅಲೆದು ಕೊಳವೆ ಬಾವಿಗಳ ನೀರನ್ನು ಸೀಸೆಗಳಲ್ಲಿ ತುಂಬಿ ತರುವಳು. ಏನೆಂದು ಕೇಳಿದರೆ “ಪ್ರಾಜೆಕ್ಟ್” ಎನ್ನುವಳು. ಇದರಿಂದ ಅಂಕಗಳು ಹೆಚ್ಚುವುವೇ, ಉದ್ಯೋಗ ದೊರೆಯುವುದೇ, ಇದಕ್ಕಾಗಿ ಮದುವೆಯ ಮಾತನ್ನು ಇನ್ನೂ ಒಂದು ವರ್ಷ ಮುಂದಕ್ಕೆ ಹಾಕಬೇಕೇ ಎಂದು ತಾಯಿತಂದೆಗಳು ನಮ್ಮನ್ನು ಬಂದು ಕೇಳುವರು. ಈ ಪ್ರಶ್ನೆಗಳು ನ್ಯಾಯವಾದುವೇ. ಆದುದರಿಂದ ಈ ಸಂಶೋಧನಾ ಕಾರ್ಯವೆಂದರೇನು, ಅದು ಹುಡುಗಿಯೊಬ್ಬಳಲ್ಲಿ ಯಾವ ಬಗೆಯ ಬೆಳವಣಿಗೆಯನ್ನು ಉಂಟುಮಾಡುವುದು ಎಂಬುದನ್ನು ನಮಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸುವೆವು.

ಮೊದಲು ಪಾಠಕ್ಕೂ ಸಂಶೋಧನೆಗೂ ಇರುವ ಭೇದವನ್ನು ನೋಡೋಣ. ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಬಾಲಿಕೆಯು ಮಾಡುವ ಪ್ರಯೋಗದ ಫಲವು ಮೊದಲೇ ಗೊತ್ತಾದುದು. ನೀಲಿ ಲಿಟ್ಮಸ್ ಕಾಗದವು ಆಮ್ಲದಲ್ಲಿ ಕೆಂಪಾಗಲೇಬೇಕು. ಆಗದಿದ್ದರೆ ತಪ್ಪು ಹುಡುಗಿಯದು, ಆಮ್ಲದ್ದಲ್ಲ. ಸಂಶೋಧನೆಯಲ್ಲಿಯಾದರೋ ಉತ್ತರವು ಪುಸ್ತಕದ ಕೊನೆಯಲ್ಲಿ ಅಚ್ಚಾಗಿರುವುದಿಲ್ಲ, ಉಪಾಧ್ಯಾಯರಿಗೂ ತಿಳಿದಿರುವುದಿಲ್ಲ. ಪ್ರಶ್ನೆಯನ್ನು ಸಹ ಅವಳೇ ಹುಡುಕಿಕೊಳ್ಳಬೇಕು. ಹದಿನೈದು ವರ್ಷಗಳ ಕಾಲ ಇತರರ ಪ್ರಶ್ನೆಗಳಿಗೆ ಉತ್ತರ ಹೇಳಿ ರೂಢಿಯಾದ ಹುಡುಗಿಗೆ ತನ್ನದೇ ಆದ ಒಂದು ಪ್ರಶ್ನೆಯನ್ನು ಕೇಳೆಂದರೆ ದಿಕ್ಕು ತೋಚದಿರುವುದು ಸಹಜ. ಅವಳ ಬೆಳವಣಿಗೆಯು ಆ ದಿಕ್ಕು ತೋಚದಿರುವ ಸ್ಥಳದಿಂದಲೇ ಆರಂಭವಾಗುವುದು.

ಇದು ವಿದ್ಯಾರ್ಥಿಗಳ ಶಕ್ತಿಗೆ ಮೀರಿದ ಕಾರ್ಯವೆಂದು ಯಾರೂ ಭಾವಿಸಬೇಕಾಗಿಲ್ಲ. ಸರ್ ಸಿ. ವಿ. ರಾಮನ್ನರ ಮೊದಲನೆಯ ಸಂಶೋಧನ ಲೇಖನವು 1906ರಲ್ಲಿ ಲಂಡನ್ನಿನ ‘ಫಿಲಸಾಫಿಕಲ್ ಮ್ಯಾಗಜಿನ್’ ಪತ್ರಿಕೆಯಲ್ಲಿ ಪ್ರಕಟವಾದಾಗ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿ, ವಯಸ್ಸು ಹದಿನೆಂಟು. ಅದೇ ಕಾಲೇಜಿನಲ್ಲಿ ಓದುತ್ತಿದ್ದ ಎಸ್. ಚಂದ್ರಶೇಖರರು ಬಿ.ಎಸ್‌ಸಿ. ಆನರ್ಸ್ ಪದವಿಯನ್ನು ಪಡೆಯುವ ಮೊದಲೇ, 1929ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ಇವರಿಬ್ಬರೂ ಮುಂದೆ ನೊಬೆಲ್ ಪಾರಿತೋಷಕವನ್ನು ಪಡೆದರು. ಎಲ್ಲ ಮಕ್ಕಳೂ ಹಾಗಾಗುವರೆಂದು ನಾವು ಹೇಳುವುದಿಲ್ಲ. ವಿದ್ಯಾರ್ಥಿದೆಸೆಯಲ್ಲಿಯೇ ಹೊಸದೊಂದನ್ನು ಕಾಣಲು ಸಾಧ್ಯವೆಂಬುದಷ್ಟೇ ಇಲ್ಲಿ ಮುಖ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ನಾಲ್ಕು ವರ್ಷಗಳ ಪದವಿ ವ್ಯಾಸಂಗವನ್ನು ಆರಂಭಿಸಿದಾಗ ಕೊನೆಯ ವರ್ಷದಲ್ಲಿ ಸಂಶೋಧನೆಗೆ ಸ್ಥಾನಕೊಟ್ಟಿತು. ರಾಜ್ಯದ ವಿಜ್ಞಾನ ಮತ್ತು ತಂತ್ರವಿದ್ಯಾ ಮಂಡಲಿಯು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಇಂತಹ ಕಾರ್ಯಗಳಿಗೆ ಅನೇಕ ವರ್ಷಗಳಿಂದ ಧನಸಹಾಯ ಮಾಡುತ್ತ ಬಂದಿದೆ. ನಮ್ಮ ಸಮೀಪದ ಚಿಂತಾಮಣಿಯಲ್ಲಿಯೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ರೇಷ್ಮೆ ಕೃಷಿ ಮಹಾವಿದ್ಯಾಲಯವುಂಟು.

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಜಂಗಮಕೋಟೆಯ ಸುತ್ತಿನ ಒಂದು ಹಳ್ಳಿಯ ರೇಷ್ಮೆ ಬೆಳೆಗಾರರ ಮನೆಯ ಹುಡುಗಿ. ತೊಟ್ಟಿಲಲ್ಲಿದ್ದಾಗಿನಿಂದಲೂ ಹುಳು ಸೊಪ್ಪು ಮೇಯುವ ಸದ್ದನ್ನು ಕೇಳಿ ಬೆಳೆದವಳು. ಚಾಕಿ, ಜ್ವರ, ಹಣ್ಣು ಹುಳು, ಚಂದ್ರಿಕೆ, ಗೂಡು, ಇವನ್ನೆಲ್ಲ ಅಕ್ಷರ ಕಲಿಯುವ ಮೊದಲೇ ಬಲ್ಲಳು. ಪದವಿಯ ಕೊನೆಯ ವರ್ಷದಲ್ಲಿ “ನಿನ್ನ ಪ್ರಶ್ನೆ ಯಾವುದು?” ಎಂದು ಉಪಾಧ್ಯಾಯರು ಕೇಳಿದಾಗ ಅವಳು, “ಹುಳುಗಳಿಗೆ ರೋಗವೇಕೆ ಬರುತ್ತದೆ?” ಎನ್ನುವಳು. ಹೋದ ಬೆಳೆಯಲ್ಲಿ ಹಾಲುತೊಂಡೆ ರೋಗವು ಬಂದು ಮನೆಗೆ ನಷ್ಟವಾದುದು ಅವಳ ಮನಸ್ಸಿನಲ್ಲಿರುವುದು.

ಪ್ರಶ್ನೆಯು ಒಳ್ಳೆಯದೇ, ಆದರೆ ಬಹಳ ದೊಡ್ಡದು. ಫ್ರಾನ್ಸ್ ದೇಶದ ಲೂಯಿ ಪಾಶ್ಚರನು ರೇಷ್ಮೆಹುಳುವಿನ ರೋಗಗಳ ವಿಷಯವನ್ನು ವಿಚಾರಿಸಲು 1865ರಲ್ಲಿ ತೊಡಗಿ, ಅದರ ಗ್ರಂಥವನ್ನು ಹೊರತಂದುದು 1870ರಲ್ಲಿ. ಹುಳುಗಳನ್ನು ಸಾಕಿ ಪರೀಕ್ಷಿಸುವ ಆ ಕಾರ್ಯದಲ್ಲಿ ಅವನ ಹೆಂಡತಿ ಮರೀಯೂ ಅವನಿಗೆ ನೆರವಾದಳು. ಗಂಟುರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುವುದರಿಂದ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿಲ್ಲದುದರ ಮೊಟ್ಟೆಗಳನ್ನು ಮಾತ್ರ ಸಾಕಬೇಕೆಂಬ ಕ್ರಮವು ಆ ಐದು ವರ್ಷಗಳ ಫಲ. ನಮ್ಮ ರೈತರಿಗೆ ರೋಗರಹಿತ ಮೊಟ್ಟೆಗಳೆಂದು ದೊರೆಯುವುವು ಇಂದಿಗೂ ತಾಯಿ ಚಿಟ್ಟೆಯ ಪರೀಕ್ಷೆಯಾದ ಮೇಲಿನವುಗಳೇ. ಅಂತಹ ಮಹಾಪುರುಷನಿಗೆ ಐದು ವರ್ಷ ಹಿಡಿದ ಕಾರ್ಯದ ಪಕ್ಕದಲ್ಲಿ ನಮ್ಮ ಹುಡುಗಿಗಿರುವುದು ಒಂದು ಬೆಳೆಯ ಕಾಲ; ಹುಳು ಚಾಕಿಯಿಂದ ಹಣ್ಣಾಗುವವರೆಗೆ ಸುಮಾರು ಇಪ್ಪತ್ತೈದು ದಿನಗಳು. ಆದುದರಿಂದ ಪ್ರಶ್ನೆಯನ್ನು ಕಿರಿದು ಮಾಡಬೇಕು. ರೋಗವೆಂಬುದರಿಂದ ಹುಳುಮನೆಯ ಗಾಳಿಬೆಳಕಿಗೆ, ಅಲ್ಲಿಂದ ಹುಳುಗಳ ಇಕ್ಕಟ್ಟಿಗೆ ಇಳಿದು, ಕೊನೆಗೆ ಅವಳ ಪ್ರಶ್ನೆಯು ಹೀಗೆ ನಿಲ್ಲುವುದು: “ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳನ್ನು ಒಂದೇ ಅಳತೆಯ ತಟ್ಟೆಯಲ್ಲಿ ನೂರು, ನೂರೈವತ್ತು, ಇನ್ನೂರು ಎಂದು ಬಿಟ್ಟರೆ ಗೂಡಿನ ತೂಕದಲ್ಲಿ ವ್ಯತ್ಯಾಸವಾಗುವುದೇ?”

ಹೊರಗಿನವರಿಗೆ ಇದು ಪ್ರಶ್ನೆಯು ಕುಗ್ಗಿದಂತೆ ಕಾಣುವುದು. ನಿಜವಾಗಿ ಇದೇ ಮೊದಲನೆಯ ಬೆಳವಣಿಗೆ. ಆಸೆಯೆಲ್ಲವನ್ನೂ ಒಂದೇ ಸಲ ಹಿಡಿಯಲು ಹೋಗದೆ, ತನ್ನ ಕಾಲ, ತನ್ನ ಶಕ್ತಿ, ತನ್ನ ತಕ್ಕಡಿ ಇವುಗಳಿಗೆ ನಿಲುಕುವಷ್ಟನ್ನು ಆರಿಸಿಕೊಂಡು ಅದನ್ನು ಕಡೆಯವರೆಗೆ ನಡೆಸುವುದು ವಿವೇಕದ ಲಕ್ಷಣ. ಸಂಸಾರವನ್ನು ನಡೆಸುವ ಗೃಹಿಣಿಯೂ, ಶಾಲೆಯನ್ನು ನಡೆಸುವ ಉಪಾಧ್ಯಾಯಿನಿಯೂ ದಿನದಿನವೂ ಮಾಡಬೇಕಾದುದು ಇದೇ ಅಲ್ಲವೇ?

ಎರಡನೆಯದಾಗಿ, ತನ್ನ ಯೋಚನೆಯಲ್ಲಿರುವ ದೋಷವನ್ನು ತಾನೇ ಹುಡುಕುವುದನ್ನು ಅವಳು ಕಲಿಯುವಳು. ಮೂರು ತಟ್ಟೆಗಳಿಗೂ ಸಮನಾಗಿ ಸೊಪ್ಪು ಹಾಕುವೆನೆಂದು ಅವಳು ಬರೆದಿರುವಳೆನ್ನೋಣ. ಆಗ ಉಪಾಧ್ಯಾಯರು, “ಇನ್ನೂರು ಹುಳುಗಳ ತಟ್ಟೆಯಲ್ಲಿ ಒಂದೊಂದಕ್ಕೂ ದೊರೆಯುವ ಸೊಪ್ಪು ಅರ್ಧವಾಗುವುದಿಲ್ಲವೇ? ಗೂಡು ಚಿಕ್ಕದಾದರೆ ಅದು ಇಕ್ಕಟ್ಟಿನಿಂದಲೋ, ಹಸಿವಿನಿಂದಲೋ?” ಎಂದು ಕೇಳುವರು. ಹುಳುವು ತನ್ನ ಜೀವಮಾನದಲ್ಲಿ ಮೇಯುವ ಸೊಪ್ಪಿನ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ಈ ಕಡೆಯ ಹಂತದಲ್ಲಿಯೇ ಮೇಯುವುದರಿಂದ ಇದು ಸಣ್ಣ ಮಾತಲ್ಲ. ಅವಳು ತಲೆಯೊಂದಕ್ಕೆ ಇಷ್ಟು ಸೊಪ್ಪು ಎಂದು ತೂಗಿ ಹಾಕಲು ನಿಶ್ಚಯಿಸುವಳು. ಬಳಿಕ ಬಾಗಿಲ ಬಳಿಯ ತಟ್ಟೆಗೆ ಗಾಳಿ ಹೆಚ್ಚು, ಮೇಲಿನ ಅಂಕಣದ ತಟ್ಟೆಗೆ ಸೆಕೆ ಹೆಚ್ಚು ಎಂಬುದು ತಾನಾಗಿಯೇ ಅವಳಿಗೆ ಹೊಳೆಯುವುದು. ಯಾವ ತಟ್ಟೆ ಎಲ್ಲಿರಬೇಕೆಂಬುದನ್ನು ಚೀಟಿ ಎತ್ತಿ ಗೊತ್ತುಮಾಡುವಳು. ಒಂದೊಂದು ಬಗೆಗೆ ಒಂದೇ ತಟ್ಟೆ ಸಾಲದೆಂದು ಮೂರು ಮೂರು ತಟ್ಟೆಗಳನ್ನು ಇಡುವಳು.

ಮೂರು ತಟ್ಟೆಗಳೇಕೆ ಎಂದು ಮನೆಯವರು ಕೇಳಬಹುದು. ಇದಕ್ಕೆ ಇಂಗ್ಲೆಂಡಿನ ಒಂದು ಪ್ರಸಿದ್ಧ ಪ್ರಸಂಗವನ್ನು ಹೇಳುವೆವು. ಅಲ್ಲಿನ ರೋಥಮ್‌ಸ್ಟೆಡ್ ಎಂಬ ಕೃಷಿ ಸಂಶೋಧನ ಕೇಂದ್ರದಲ್ಲಿ 1920ರ ದಶಕದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿಯಾದ ಮಹಿಳೆಯು, ಬಟ್ಟಲಿಗೆ ಮೊದಲು ಹಾಲು ಹಾಕಿದರೋ ಚಹಾ ಹಾಕಿದರೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂದಳು. ಆರ್. ಎ. ಫಿಶರ್ ಎಂಬ ಗಣಿತಜ್ಞನು ಅದನ್ನು ಪರೀಕ್ಷಿಸಬೇಕೆಂದನು. ಅವನು ತನ್ನ 1935ರ ಗ್ರಂಥದಲ್ಲಿ ವಿವರಿಸಿದ ಕ್ರಮ ಇದು: ಎಂಟು ಬಟ್ಟಲುಗಳಲ್ಲಿ ನಾಲ್ಕಕ್ಕೆ ಮೊದಲು ಹಾಲು, ನಾಲ್ಕಕ್ಕೆ ಮೊದಲು ಚಹಾ, ಕ್ರಮವಿಲ್ಲದೆ ಬೆರೆಸಿ ಕೊಡತಕ್ಕದ್ದು. ಎಂಟರಲ್ಲಿ ನಾಲ್ಕನ್ನು ಆರಿಸಲು ಎಪ್ಪತ್ತು ಬಗೆಗಳುಂಟು. ಪೂರ್ತಿ ಸರಿಯಾದುದು ಒಂದೇ. ಸುಮ್ಮನೆ ಊಹಿಸಿ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವವು ಎಪ್ಪತ್ತರಲ್ಲಿ ಒಂದು ಮಾತ್ರ. ಎರಡೇ ಬಟ್ಟಲುಗಳಾಗಿದ್ದರೆ ಎರಡರಲ್ಲಿ ಒಂದು ಸಲ ಊಹೆಯೇ ಗೆಲ್ಲುತ್ತಿತ್ತು. ನಮ್ಮ ಹುಡುಗಿಯ ಮೂರು ಮೂರು ತಟ್ಟೆಗಳ ಅರ್ಥವೂ ಇದೇ. ಒಂದು ಸಲ ಕಂಡುದನ್ನು ನಿಯಮವೆಂದು ನಂಬಬಾರದು. ಅದು ಆಕಸ್ಮಿಕವೋ ಅಲ್ಲವೋ ಎಂದು ಕೇಳಬೇಕು. ಒಂದು ಮಾತು ಕೇಳಿದೊಡನೆ ನಂಬಿ ಹರಡುವವರ ನಡುವೆ, ಈ ಅಭ್ಯಾಸವುಳ್ಳ ಒಬ್ಬ ಹೆಣ್ಣುಮಗಳು ಮನೆಯಲ್ಲಿದ್ದರೆ ಮನೆಗೆಷ್ಟು ಲಾಭ!

ಮೂರನೆಯ ಬೆಳವಣಿಗೆಯು ಎಲ್ಲಕ್ಕಿಂತಲೂ ಕಷ್ಟದ್ದು. ಗೂಡುಗಳನ್ನು ಬಿಡಿಸಿಯಾಯಿತು, ಒಂದೊಂದನ್ನೂ ತೂಗಿಯಾಯಿತು, ಗೂಡನ್ನು ಕೊಯ್ದು ಒಳಗಿನ ಕೋಶವನ್ನು ತೆಗೆದು ಕವಚವನ್ನು ಬೇರೆ ತೂಗಿಯಾಯಿತು. ಒಳ್ಳೆಯ ಗೂಡಿನಲ್ಲಿ ಕವಚದ ತೂಕವು ಗೂಡಿನ ಸುಮಾರು ಐದನೆಯ ಒಂದು ಭಾಗ, ನೂಲಾಗುವುದು ಅದೇ. ನೂರಕ್ಕೂ ನೂರೈವತ್ತಕ್ಕೂ ಹೇಳಿಕೊಳ್ಳುವಂತಹ ವ್ಯತ್ಯಾಸವೇ ಕಾಣಲಿಲ್ಲವೆನ್ನೋಣ. ಇಲ್ಲವೆ ಒಂಬತ್ತು ತಟ್ಟೆಗಳಲ್ಲಿ ಎರಡಕ್ಕೆ ಸಪ್ಪೆ ರೋಗವು ತಗಲಿ ಲೆಕ್ಕವೇ ಕೆಟ್ಟಿತೆನ್ನೋಣ. ವರದಿಯನ್ನು ಒಪ್ಪಿಸುವ ದಿನ ಹತ್ತಿರವಾಗಿರುವುದು. ಆಗ ಅಂಕಿಗಳನ್ನು ಸ್ವಲ್ಪ ತಿದ್ದಿದರೆ ಯಾರಿಗೂ ತಿಳಿಯದೆಂಬ ಯೋಚನೆಯು ಮನಸ್ಸಿನಲ್ಲಿ ಸುಳಿಯದಿರದು. ಆ ರಾತ್ರಿ ಅವಳೊಡನೆ ಉಪಾಧ್ಯಾಯರಿಲ್ಲ, ಪರೀಕ್ಷಕರಿಲ್ಲ, ಟಿಪ್ಪಣಿ ಪುಸ್ತಕವೊಂದೇ. “ಎರಡು ತಟ್ಟೆಗಳು ರೋಗದಿಂದ ಕೆಟ್ಟವು, ಉಳಿದುವುಗಳಲ್ಲಿ ನಾನು ನೆನೆಸಿದ ವ್ಯತ್ಯಾಸವು ಕಾಣಲಿಲ್ಲ” ಎಂದು ಅವಳು ಬರೆದುದೇ ಆದರೆ, ಆ ಒಂದು ವಾಕ್ಯವು ಪ್ರಥಮ ದರ್ಜೆಗಿಂತಲೂ ದೊಡ್ಡ ಗಳಿಕೆಯೆಂದು ನಾವು ಎಣಿಸುವೆವು. ವ್ಯತ್ಯಾಸವಿಲ್ಲವೆಂಬುದೂ ಒಂದು ಉತ್ತರವೇ. ಅದನ್ನು ತಿಳಿದ ರೈತನು ಇಲ್ಲದ ಲಾಭಕ್ಕಾಗಿ ತಟ್ಟೆಗಳನ್ನು ಹೆಚ್ಚಿಸುವ ಖರ್ಚಿನಿಂದ ಪಾರಾಗುವನು. ಸುಳ್ಳು ಅಂಕಿಯಾದರೋ ಅದನ್ನು ನಂಬಿದ ಮನೆಯ ಬೆಳೆಯನ್ನೇ ಕೆಡಿಸೀತು.

ಕಾರ್ಯದ ಫಲವೊಂದೇ ಮುಖ್ಯವಲ್ಲ, ಅದನ್ನು ಮಾಡಿದವಳಲ್ಲಿ ಉಳಿಯುವುದು ಮುಖ್ಯ ಎಂಬುದಕ್ಕೆ ಬೆಂಗಳೂರಿನಲ್ಲಿಯೇ ನಡೆದ ನಿದರ್ಶನಗಳುಂಟು. ಮುಂಬಯಿಯಲ್ಲಿ ಬಿ.ಎಸ್‌ಸಿ. ಮುಗಿಸಿದ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಎಂದು ಪ್ರಸಿದ್ಧರಾದವರು, 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಬಂದಾಗ, ಹೆಂಗಸೆಂಬ ಕಾರಣದಿಂದ ನಿರ್ದೇಶಕರಾಗಿದ್ದ ರಾಮನ್ನರು ಪ್ರವೇಶವನ್ನು ನಿರಾಕರಿಸಿದರು. ತಾವು ಹದಿನೆಂಟರಲ್ಲಿಯೇ ಸಂಶೋಧನೆಮಾಡಿ ತೋರಿಸಿದವರಿಗೂ ಹುಡುಗಿಯೊಬ್ಬಳಲ್ಲಿ ಆ ಶಕ್ತಿಯಿರಬಹುದೆಂದು ಅಂದು ತೋರಲಿಲ್ಲ. ಆಕೆಯು ಹಿಂಜರಿಯಲಿಲ್ಲ. ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿಗೆ ಒಪ್ಪಿ ಸೇರಿ, ಶ್ರೀನಿವಾಸಯ್ಯನವರೆಂಬ ಗುರುಗಳ ಕೈಕೆಳಗೆ ಹಾಲು, ಬೇಳೆಕಾಳು ಮುಂತಾದ ನಿತ್ಯದ ಆಹಾರಗಳಲ್ಲಿರುವ ಪ್ರೋಟೀನುಗಳನ್ನು ಶೋಧಿಸಿ, 1936ರಲ್ಲಿ ಎಂ.ಎಸ್‌ಸಿ. ಪಡೆದರು. ಆಕೆಯ ಕಾರ್ಯವನ್ನು ಕಂಡ ಮೇಲೆ ಸಂಸ್ಥೆಯ ಬಾಗಿಲು ಇತರ ಸ್ತ್ರೀಯರಿಗೂ ತೆರೆಯಿತು. ಕೇಂಬ್ರಿಜ್ಜಿನಲ್ಲಿ ಸಸ್ಯಗಳ ಉಸಿರಾಟದ ವಿಷಯದಲ್ಲಿ ದುಡಿದು 1939ರಲ್ಲಿ ಡಾಕ್ಟರ್ ಪದವಿಯನ್ನು ಗಳಿಸಿ ಸ್ವದೇಶಕ್ಕೆ ಮರಳಿದರು.

ಅನ್ನಾ ಮಣಿಯವರ ಕಥೆಯು ಇನ್ನೂ ಗಮನಾರ್ಹ. ಮದರಾಸಿನಲ್ಲಿ ಬಿ.ಎಸ್‌ಸಿ. ಆನರ್ಸ್ ಮುಗಿಸಿ 1940ರಲ್ಲಿ ಇದೇ ಸಂಸ್ಥೆಗೆ ಬಂದ ಆಕೆಯು ರಾಮನ್ನರ ಕೈಕೆಳಗೆ ವಜ್ರಗಳಿಂದ ಹೊರಡುವ ಬೆಳಕನ್ನು ಅಭ್ಯಾಸಮಾಡಿದರು. ಒಂದು ಛಾಯಾಫಲಕದ ಮೇಲೆ ಆ ಕ್ಷೀಣ ಬೆಳಕು ಮೂಡಲು ಹದಿನೈದು ಇಪ್ಪತ್ತು ಗಂಟೆಗಳು ಹಿಡಿಯುತ್ತಿದ್ದುವು. ಹೀಗೆ ರಾತ್ರಿಗಳನ್ನು ಕಳೆದು ಬರೆದ ಪ್ರಬಂಧವನ್ನು 1945ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದಾಗ, ಎಂ.ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಡಾಕ್ಟರ್ ಪದವಿಯು ದೊರೆಯಲಿಲ್ಲ. ಪದವಿ ಬರಲಿಲ್ಲ, ಆದರೆ ತಾಳ್ಮೆಯಿಂದ ಅಳೆಯುವ ಕೈಯೂ ಅಳತೆಯನ್ನು ಸಂದೇಹಿಸುವ ಕಣ್ಣೂ ಉಳಿದುವು. ಹವಾಮಾನ ಇಲಾಖೆಯನ್ನು ಸೇರಿ, ಅದುವರೆಗೆ ಹೊರದೇಶಗಳಿಂದ ತರಿಸುತ್ತಿದ್ದ ಉಪಕರಣಗಳು ಈ ದೇಶದಲ್ಲಿಯೇ ತಯಾರಾಗುವಂತೆ ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಸಿದ್ಧಗೊಳಿಸಿದರು. 1976ರಲ್ಲಿ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು. ಕಾಗದವನ್ನು ಕೊಡದಿರಬಹುದು, ಕಲಿತುದನ್ನು ಕಸಿಯಲಾಗದು.

ಈ ಎತ್ತರಗಳಿಗೆ ಮನೆಯ ಬೆಂಬಲವೂ ಕಾರಣವೆಂಬುದನ್ನು ಮರೆಯಲಾಗದು. ಕಮಲಾರ ತಂದೆಯೂ ತಂದೆಯ ಸಹೋದರರೂ ಸ್ವತಃ ರಸಾಯನಶಾಸ್ತ್ರವನ್ನು ಬಲ್ಲವರು. ನಮ್ಮ ನಾಡಿನವರೇ ಆದ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನೋದಿ, 1943ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನ ವಿದ್ಯಾರ್ಥಿನಿಯಾಗಿ, ಮುಂದೆ ಅಮೆರಿಕದ ಮಿಷಿಗನ್ನಿನಲ್ಲಿ ಡಾಕ್ಟರ್ ಪದವಿ ಪಡೆದು ಬಂದು 1953ರಲ್ಲಿ ಅದೇ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಆಕೆಯ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರು. ಓದಿದ ಅಜ್ಜಿಯೋ ತಂದೆಯೋ ಇಲ್ಲದ ಮನೆಗಳೇ ನಮ್ಮಲ್ಲಿ ಹೆಚ್ಚೆಂಬುದನ್ನು ನಾವು ಬಲ್ಲೆವು. ಆದರೆ ಬೆಂಬಲಕ್ಕೆ ಓದು ಬೇಕಾಗಿಲ್ಲ. ಸೊಪ್ಪಿನ ಮೇಲೆ ಕೈಯಿಟ್ಟೇ ಅದರ ತೇವವನ್ನು ಹೇಳುವ ತಾಯಿಯು ಮಗಳ ಸಂಶೋಧನೆಗೆ ಮೊದಲ ಗುರು. “ಅಮ್ಮಾ, ನೀನು ತಟ್ಟೆಗೆ ಎಷ್ಟು ಹುಳು ಬಿಡುತ್ತೀಯೆ? ಏಕೆ?” ಎಂದು ಮಗಳು ಪುಸ್ತಕ ಹಿಡಿದು ಕೇಳುವಾಗ, ಇಪ್ಪತ್ತು ವರ್ಷ ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಆ ತಾಯಿಯ ಅನುಭವವು ಮೊದಲ ಸಲ ಬರವಣಿಗೆಯಲ್ಲಿ ಸೇರುವುದು. ಓದಿದ ಮಗಳು ಮನೆಯಿಂದ ದೂರವಾಗುವಳೆಂದು ಅಂಜುವವರು ಇದನ್ನು ಗಮನಿಸಬೇಕು. ಒಳ್ಳೆಯ ಸಂಶೋಧನೆಯು ಅವಳನ್ನು ಮನೆಯ ಕೆಲಸಕ್ಕೇ ಹೊಸ ಗೌರವದಿಂದ ಹಿಂದಿರುಗಿಸುವುದು.

ವಿಷಯವು ರೇಷ್ಮೆಯೇ ಆಗಬೇಕೆಂದಿಲ್ಲ. ನಮ್ಮ ಸೀಮೆಯ ಆಳದ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದುಂಟು. ಲೀಟರಿಗೆ ಒಂದು ಮಿಲಿಗ್ರಾಮ್ ಮೀರಬಾರದೆಂದೂ, ಬೇರೆ ನೀರೇ ಇಲ್ಲದಲ್ಲಿ ಒಂದೂವರೆಯವರೆಗೆ ಇರಬಹುದೆಂದೂ ದೇಶದ ಕುಡಿಯುವ ನೀರಿನ ನಿಯಮ. ರಸಾಯನಶಾಸ್ತ್ರದ ವಿದ್ಯಾರ್ಥಿನಿಯು ತನ್ನ ಊರಿನ ನೀರನ್ನು ಮಳೆಗಾಲದ ಮೊದಲೂ ಅನಂತರವೂ ಅಳೆಯಬಹುದು. ಚರಿತ್ರೆಯನ್ನೋದುವವಳು, 1905ರಲ್ಲಿ ರೈಸ್ ಸಾಹೇಬರು ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು ಹಿಡಿದು, ಅದರಲ್ಲಿ ಹೇಳಿದ ವೀರಗಲ್ಲುಗಳಲ್ಲಿ ಎಷ್ಟು ಇಂದಿಗೂ ನಿಂತಿವೆ, ಎಷ್ಟು ಕಟ್ಟಡಗಳ ತಳಪಾಯ ಸೇರಿವೆ ಎಂದು ತನ್ನ ಹೋಬಳಿಯಲ್ಲಿ ನಡೆದು ನೋಡಬಹುದು. ಪ್ರಶ್ನೆಯು ಕಾಲಬುಡದಲ್ಲಿಯೇ ಇರುವುದು. ಬಾಗಿ ನೋಡುವವರು ಬೇಕು.

ಕಡೆಯದಾಗಿ ಮೌಖಿಕ ಪರೀಕ್ಷೆ. ಮೂರು ನಾಲ್ಕು ಮಂದಿ ಹಿರಿಯರ ಎದುರಿನಲ್ಲಿ ನಿಂತು, ಇದನ್ನು ಹೀಗೇಕೆ ಮಾಡಿದೆ, ಹಾಗೇಕೆ ಮಾಡಲಿಲ್ಲ ಎಂಬ ಪ್ರಶ್ನೆಗಳಿಗೆ ಅವಳು ಉತ್ತರ ಕೊಡಬೇಕು. ಬಾಯಿಪಾಠದಿಂದ ಇಲ್ಲಿ ಪ್ರಯೋಜನವಿಲ್ಲ. ಆದರೆ ಒಂಬತ್ತು ತಟ್ಟೆಗಳ ವಿಷಯದಲ್ಲಿ ಅವಳಿಗೆ ತಿಳಿದಷ್ಟು ಆ ಕೋಣೆಯಲ್ಲಿ ಮತ್ತಾರಿಗೂ ತಿಳಿಯದು. ಕಂಡುದನ್ನು ಕಂಡಂತೆ ಹೇಳುವಾಗ ದನಿ ನಡುಗುವುದಿಲ್ಲ. ಗೊತ್ತಿಲ್ಲದುದನ್ನು “ಗೊತ್ತಿಲ್ಲ, ಹೀಗೆ ಪರೀಕ್ಷಿಸಿದರೆ ತಿಳಿಯಬಹುದು” ಎನ್ನುವಾಗ ತಲೆ ತಗ್ಗುವುದಿಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಪಂಚಾಯಿತಿಯ ಸಭೆಯಲ್ಲಿ, ಗಂಡನ ಮನೆಯಲ್ಲಿ ಅವಳು ಮುಂದೆ ಆಡುವ ಮಾತಿಗೆ ಈ ಧೈರ್ಯವೇ ಆಧಾರವಾಗುವುದು.

ಆದುದರಿಂದ ಪೋಷಕರಲ್ಲಿ ನಮ್ಮ ಬಿನ್ನಹಗಳು ಇವು. ಕೊನೆಯ ವರ್ಷದ ಮಧ್ಯದಲ್ಲಿ ಮದುವೆಯನ್ನು ಗೊತ್ತುಮಾಡಿ ಆ ಕಾರ್ಯವನ್ನು ಅರ್ಧದಲ್ಲಿ ನಿಲ್ಲಿಸಬೇಡಿರಿ. ಹುಳು ಗೂಡು ಕಟ್ಟುತ್ತಿರುವಾಗ ಚಂದ್ರಿಕೆಯನ್ನು ಅಲುಗಿಸುವವರುಂಟೇ? ಹುಳುಮನೆಯ ಒಂದು ಮೂಲೆಯನ್ನು ಒಂದು ಬೆಳೆಯಮಟ್ಟಿಗೆ ಅವಳಿಗೆ ಬಿಟ್ಟುಕೊಡಿರಿ. ಮಾರುಕಟ್ಟೆಯಲ್ಲಿ ಇದಕ್ಕೇನು ಬೆಲೆಯೆಂದು ಕೇಳುವ ಮೊದಲು, ಈ ಹೊತ್ತು ಏನನ್ನು ಕಂಡೆಯೆಂದು ಕೇಳಿರಿ. ಫಲವು ಅವಳು ನೆನೆಸಿದಂತೆ ಬರದಿದ್ದರೆ ಹೀಯಾಳಿಸಬೇಡಿರಿ. ಹಣದಿಂದ ತಯಾರಾದ ವರದಿಯನ್ನು ಕೊಂಡುತರುವುದಕ್ಕಂತೂ ಎಂದಿಗೂ ಒಪ್ಪಬೇಡಿರಿ. ಹಾಗೆ ಕೊಂಡವಳಿಗೆ ಪದವಿ ಬಂದೀತು, ಮೇಲೆ ಹೇಳಿದ ಒಂದು ಗುಣವೂ ಬಾರದು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ಕೋರಿಕೆ. ನಿಮ್ಮಲ್ಲಿ ಯಾರಾದರೂ ಪದವಿಯ ಕಾಲದಲ್ಲಿ ಇಂತಹ ವರದಿಯನ್ನು ಬರೆದಿದ್ದರೆ ಅದರ ಒಂದು ಪ್ರತಿಯನ್ನು ಶಾಲೆಯ ಪುಸ್ತಕಭಂಡಾರಕ್ಕೆ ಕಳುಹಿಸಿಕೊಡಿರಿ. ಫಲವು ಬಂದುದೂ ಸರಿಯೇ, ಬಾರದಿದ್ದುದೂ ಸರಿಯೇ. ಟಿಪ್ಪಣಿ ಪುಸ್ತಕವಿದ್ದರೆ ಅದನ್ನೂ ಕಳುಹಿಸಿರಿ. ಒಂಬತ್ತನೆಯ ತರಗತಿಯ ಬಾಲಿಕೆಯರು ಅವನ್ನು ತೆರೆದು, ತಮ್ಮ ಬೆಂಚಿನ ಮೇಲೆಯೇ ಕುಳಿತಿದ್ದವಳೊಬ್ಬಳು ಇದನ್ನು ಕೇಳಿ ನೋಡಿದಳೆಂದು ಓದಲಿ. ಅವರ ಪ್ರಶ್ನೆಗಳು ಅಲ್ಲಿಂದ ಮೊದಲಾಗಲಿ.